ಸೈನಸ್‌ಗೆ ಯೋಗ: ಯಾವುದನ್ನ ಯಾವಾಗ ಮಾಡ್ಬೇಕು, ಯಾವಾಗ ಬಿಡ್ಬೇಕು

ನೆಗಡಿ ಬಂದು ವಾರದ ಮೇಲಾಗಿದೆ, ಸೀನು ನಿಂತಿದೆ, ಜ್ವರಾನೂ ಇಲ್ಲ, ಆದ್ರೆ ಚಪ್ಪಲಿ ಹಾಕ್ಕೊಳ್ಳೋಕೆ ಬಗ್ಗಿದ್ರೆ ಸಾಕು, ಹಣೆ ಒಳಗೆ ಕಲ್ಲು ಇಟ್ಟ ಹಾಗೆ ಭಾರ. ಕಣ್ಣಿನ ಕೆಳಗೆ ಕೆನ್ನೆ ಒತ್ತಿದ್ರೆ ನೋವು, ಮೇಲಿನ ಹಲ್ಲುಗಳೂ ಜುಮುಜುಮು ಅನ್ನುತ್ವೆ, ರಾತ್ರಿ ಮಲಗಿದ್ರೆ ಒಂದು ಹೊಳ್ಳೆ ಪೂರ್ತಿ ಬಂದ್. ಡಾಕ್ಟರ್ ನೋಡಿ ಸೈನಸೈಟಿಸ್ ಅಂತಾರೆ. ಇದನ್ನ ಯಾರ ಹತ್ರ ಹೇಳಿಕೊಂಡ್ರೂ ಯೋಗದ ಸಲಹೆ ಬಂದೇ ಬರುತ್ತೆ, ಒಬ್ರು ಉಸಿರನ್ನ ಜೋರಾಗಿ ಚಿಮ್ಮಿಸೋ ಕಪಾಲಭಾತಿ ಮಾಡಿ ಅಂತಾರೆ, ಇನ್ನೊಬ್ರು ಮೂಗಿಗೆ ಉಪ್ಪುನೀರು ಹಾಯಿಸೋ ಜಲನೇತಿ ಅಂತಾರೆ, ಮತ್ತೊಬ್ರು ಶೀರ್ಷಾಸನ ಹಾಕಿದ್ರೆ ಕಟ್ಟಿರೋದೆಲ್ಲ ಇಳಿದು ಹೋಗುತ್ತೆ ಅಂತಾರೆ.

ನನಗೂ ಇದು ಹಳೇ ತೊಂದರೆ. ಒಂದ್ಸಲ ಮೂಗು ಪೂರ್ತಿ ಕಟ್ಟಿದ್ದ ದಿನಾನೇ ಹಟ ಹಿಡಿದು ಕೂತು ಜೋರಾಗಿ ಕಪಾಲಭಾತಿ ಮಾಡಿದೆ, ಮಧ್ಯಾಹ್ನದ ಹೊತ್ತಿಗೆ ಕೆನ್ನೆ ನೋವು ಇನ್ನೂ ಜಾಸ್ತಿ ಆಗಿ ಬಲಗಿವಿ ಕೂಡ ಮುಚ್ಚಿಕೊಂಡುಬಿಡ್ತು. ಅವತ್ತಿಂದ ಮೂಗಿನ ಒಳಗೆ ನಿಜವಾಗಿ ಏನು ನಡೆಯುತ್ತೆ ಅಂತ ಓದೋಕೆ ಶುರು ಮಾಡಿದೆ. ಅದು ಅರ್ಥ ಆದ್ರೆ ಯಾವ ಅಭ್ಯಾಸ ಯಾವತ್ತು ಬೇಕು ಅನ್ನೋದನ್ನ ನಾವೇ ಯೋಚನೆ ಮಾಡಿ ನಿರ್ಧರಿಸಬಹುದು, ಅದಕ್ಕೇ ಬುಡದಿಂದ ಹೇಳ್ತಾ ಹೋಗ್ತೀನಿ.

ಮುಖದ ಮೂಳೆಯೊಳಗಿನ ಖಾಲಿ ಕೋಣೆಗಳು

ಸೈನಸ್ ಅನ್ನೋದು ಕಾಯಿಲೆ ಹೆಸರಲ್ಲ, ಎಲ್ಲರ ಮುಖದಲ್ಲೂ ಇರೋ ಜಾಗದ ಹೆಸರು. ಮೂಗಿನ ಸುತ್ತಲಿನ ಮೂಳೆಗಳ ಒಳಗೆ ಗಾಳಿ ತುಂಬಿದ ಪೊಳ್ಳು ಕೋಣೆಗಳಿವೆ, ಒಟ್ಟು ನಾಲ್ಕು ಜೋಡಿ. ಕೆನ್ನೆ ಮೂಳೆ ಒಳಗೆ ಒಂದು ಜೋಡಿ, ಹಣೆಯಲ್ಲಿ ಒಂದು, ಎರಡು ಕಣ್ಣುಗಳ ಮಧ್ಯೆ ಜೇನುಗೂಡಿನ ಥರ ಸಣ್ಣ ಸಣ್ಣ ಕೋಣೆಗಳ ಗುಂಪು, ಇನ್ನೊಂದು ಜೋಡಿ ಮೂಗಿನ ತೀರಾ ಹಿಂದೆ, ತಲೆಬುರುಡೆಯ ಮಧ್ಯಭಾಗದಲ್ಲಿ. ಇವುಗಳಲ್ಲಿ ಕೆನ್ನೆಯದ್ದೇ ದೊಡ್ಡದು, ದೊಡ್ಡವರಲ್ಲಿ ಒಂದೊಂದರಲ್ಲೂ ಸುಮಾರು 15 ಎಂಎಲ್, ಅಂದ್ರೆ ಮೂರು ಟೀ ಚಮಚದಷ್ಟು ಜಾಗ.

ಈ ಕೋಣೆಗಳ ಒಳಗೋಡೆಗೆ ತೆಳ್ಳಗೆ ಲೋಳೆ ಪದರ ಇರುತ್ತೆ, ಅದರ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿನಂಥ ಎಳೆಗಳು. ಈ ಎಳೆಗಳು ಸೆಕೆಂಡಿಗೆ ಹತ್ತು ಹದಿನೈದು ಸಲ ಒಂದೇ ದಿಕ್ಕಿಗೆ ಬಡೀತಾನೇ ಇರುತ್ವೆ, ಗಾಳಿ ಬೀಸಿದಾಗ ಭತ್ತದ ಗದ್ದೆ ಒಂದೇ ಕಡೆ ಅಲೆ ಅಲೆಯಾಗಿ ಬಾಗುತ್ತಲ್ಲ ಹಾಗೆ. ಧೂಳು, ರೋಗಾಣು ಎಲ್ಲ ಲೋಳೆಗೆ ಅಂಟಿಕೊಳ್ಳುತ್ತೆ, ಎಳೆಗಳು ಆ ಲೋಳೆಯನ್ನ ನಿಧಾನಕ್ಕೆ ಕೋಣೆಯ ಬಾಗಿಲ ಕಡೆ ತಳ್ಳುತ್ವೆ, ಅಲ್ಲಿಂದ ಮೂಗಿಗೆ, ಮೂಗಿಂದ ಗಂಟಲಿಗೆ, ನಾವು ನುಂಗಿಬಿಡ್ತೀವಿ. ಆರೋಗ್ಯವಾಗಿರುವಾಗ ಇದು ನಡೀತಿದೆ ಅಂತ ಗೊತ್ತೇ ಆಗಲ್ಲ.

ತೊಂದರೆ ಎಲ್ಲ ಬಾಗಿಲಲ್ಲಿ

ಕೆನ್ನೆಯ ಸೈನಸ್ಸಿನ ಬಾಗಿಲು ಅಂದ್ರೆ ಕೆಲವೇ ಮಿಲಿಮೀಟರ್ ಅಗಲದ ತೂತು. ಅದೂ ಕೋಣೆಯ ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಮನೆ ಮೇಲಿನ ನೀರಿನ ಟ್ಯಾಂಕಿಗೆ ಹೊರಹೋಗೋ ಪೈಪನ್ನ ತಳದಲ್ಲಿ ಇಡದೆ ಮುಚ್ಚಳದ ಹತ್ರ ಇಟ್ಟ್ರೆ ಹೇಗಿರುತ್ತೆ? ನೀರು ತಾನಾಗೇ ಇಳಿಯಲ್ಲ, ಯಾರಾದ್ರೂ ಮೇಲಕ್ಕೆ ಎತ್ತಿ ಹಾಕ್ಬೇಕು. ಆ ಎತ್ತಿ ಹಾಕೋ ಕೆಲಸವನ್ನ ಹಗಲೂ ರಾತ್ರಿ ಮಾಡ್ತಿರೋದು ಆ ಸಣ್ಣ ಎಳೆಗಳು. ಹಿಂದೆ ಸರ್ಜನ್‌ಗಳು ಕೆನ್ನೆಯ ಸೈನಸ್ಸಿನ ತಳದ ಹತ್ರ ಹೊಸ ತೂತು ಮಾಡಿ ನೋಡಿದ್ರು, ಆದ್ರೂ ಎಳೆಗಳು ಆ ಹೊಸ ತೂತನ್ನ ದಾಟಿಸಿ ಲೋಳೆಯನ್ನ ಮೇಲಿನ ಹಳೇ ಬಾಗಿಲಿಗೇ ಒಯ್ಯುತ್ತಿದ್ವು. ಇದನ್ನ ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಗಿತ್ತು.

ಈಗ ನೆಗಡಿ ಬಂತು ಅಂದುಕೊಳ್ಳಿ, ಇಲ್ಲಾ ಅಲರ್ಜಿ. ಮೂಗಿನ ಒಳಪದರ ಊದಿಕೊಳ್ಳುತ್ತೆ. ಬಾಗಿಲೇ ಅಷ್ಟು ಚಿಕ್ಕದು, ಸ್ವಲ್ಪ ಊದಿದ್ರೂ ಸಾಕು, ಮುಚ್ಚಿಹೋಗುತ್ತೆ. ಒಳಗೆ ಲೋಳೆ ಉತ್ಪತ್ತಿ ಮಾತ್ರ ನಿಲ್ಲಲ್ಲ, ಗಟ್ಟಿಯಾಗ್ತಾ ಹೋಗುತ್ತೆ, ಹೊಸ ಗಾಳಿ ಬರಲ್ಲ, ಎಳೆಗಳು ಸುಸ್ತಾಗ್ತವೆ. ಈ ಸ್ಥಿತಿಗೆ ಸೈನಸೈಟಿಸ್ ಅಂತಾರೆ, ಅಂದ್ರೆ ಸೈನಸ್ಸಿನ ಉರಿಯೂತ. ಬಗ್ಗಿದಾಗ ನೋವು ಜಾಸ್ತಿ ಆಗೋದು ಯಾಕೆ ಅಂದ್ರೆ ಮೊದಲೇ ಊದಿರೋ ಪದರಕ್ಕೆ ತಲೆ ಕೆಳಗಾದ ತಕ್ಷಣ ಇನ್ನಷ್ಟು ರಕ್ತ ನುಗ್ಗಿ ಒತ್ತಡ ಏರುತ್ತೆ.

4 ವಾರದೊಳಗೆ ವಾಸಿಯಾದ್ರೆ ತೀವ್ರ ಸೈನಸೈಟಿಸ್, 12 ವಾರ ದಾಟಿದ್ರೂ ಬಿಡದೇ ಇದ್ರೆ ದೀರ್ಘಕಾಲದ್ದು. ತೀವ್ರವಾದದ್ದರಲ್ಲಿ ಬಹುಪಾಲು ವೈರಸ್ಸಿಂದಲೇ ಬರೋದು, ತಾನಾಗೇ ಹೋಗುತ್ತೆ, ಆಂಟಿಬಯೋಟಿಕ್ ಅದರ ಮೇಲೆ ಕೆಲಸ ಮಾಡಲ್ಲ. ಸಿಂಬಳ ಹಸಿರಾಯ್ತು ಅಂದ್ರೆ ಬ್ಯಾಕ್ಟೀರಿಯಾ ಇದೆ ಅಂತ ತುಂಬಾ ಜನ ಅಂದ್ಕೋತಾರೆ, ಆದ್ರೆ ಆ ಬಣ್ಣ ಬರೋದು ರೋಗಾಣು ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳಲ್ಲಿರೋ ಒಂದು ಕಿಣ್ವದಿಂದ, ವೈರಸ್ ನೆಗಡಿಯಲ್ಲೂ ಬರುತ್ತೆ. ಬಣ್ಣಕ್ಕಿಂತ ಎಷ್ಟು ದಿನ ಆಯ್ತು ಅನ್ನೋದು ಮುಖ್ಯ.

ಹಾಗಾದ್ರೆ ಯೋಗ ಇದರಲ್ಲಿ ಏನು ಮಾಡುತ್ತೆ

ಸೈನಸ್ಸಿನ ಒಳಗೆ ಕೈ ಹಾಕಿ ತೊಳೆಯೋಕೆ ಯಾವ ಆಸನದಿಂದಲೂ ಆಗಲ್ಲ. ಆಗೋದು ಇಷ್ಟು: ಬಾಗಿಲ ಸುತ್ತಲಿನ ಜಾಗ ಸ್ವಚ್ಛ ಮಾಡೋದು, ಊತ ಇಳಿಯೋಕೆ ನೆರವಾಗೋದು, ಕೋಣೆಯೊಳಗೆ ಗಾಳಿ ಆಡೋ ಹಾಗೆ ಮಾಡೋದು. ಬಾಗಿಲು ತೆರೆದ್ರೆ ಉಳಿದ ಕೆಲಸ ಎಳೆಗಳು ಮಾಡಿಕೊಳ್ತವೆ. ಹಾಗಾಗಿ ಯಾವ ಅಭ್ಯಾಸದ ಬಗ್ಗೆ ಕೇಳಿದ್ರೂ ಒಂದು ಪ್ರಶ್ನೆ ಹಾಕ್ಕೊಳ್ಳಿ, ಇದು ಬಾಗಿಲನ್ನ ತೆರೆಯುತ್ತಾ, ಇಲ್ಲಾ ಮುಚ್ಚಿದ ಬಾಗಿಲನ್ನ ಗುದ್ದುತ್ತಾ? ನನ್ನ ಅವತ್ತಿನ ಕಪಾಲಭಾತಿ ಗುದ್ದೋ ಕೆಲಸ ಆಗಿತ್ತು.

ಮೂಗಿನ ಮಧ್ಯದ ಗೋಡೆ ಸೊಟ್ಟಗಿದ್ರೆ, ಮೂಗಿನೊಳಗೆ ಪಾಲಿಪ್ ಅನ್ನೋ ಮಾಂಸದ ಗಂಟು ಬೆಳೆದಿದ್ರೆ, ಮೇಲಿನ ದವಡೆ ಹಲ್ಲಿನ ಬೇರಿಗೆ ಸೋಂಕಾಗಿ ಅದು ಕೆನ್ನೆಯ ಸೈನಸ್ಸಿಗೆ ಹತ್ತಿದ್ರೆ ಯೋಗದಿಂದ ಅದು ಸರಿ ಹೋಗಲ್ಲ. ಮೂಲ ಕಾರಣಕ್ಕೆ ಡಾಕ್ಟರ್ ಬೇಕು, ಯೋಗ ಜೊತೆಗಿರಲಿ.

ಜಲನೇತಿ: ಉಪ್ಪಿನ ಲೆಕ್ಕ, ನೀರಿನ ಎಚ್ಚರ

15ನೇ ಶತಮಾನದ ಸುಮಾರಿಗೆ ಸ್ವಾತ್ಮಾರಾಮ ಬರೆದ ಹಠಯೋಗ ಪ್ರದೀಪಿಕೆಯಲ್ಲಿ ಆರು ಶುದ್ಧಿಕ್ರಿಯೆಗಳು ಬರುತ್ವೆ: ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿ, ಕಪಾಲಭಾತಿ. ಅಲ್ಲಿ ಹೇಳಿರೋ ನೇತಿ ದಾರದ್ದು, ಮೂಗಿಂದ ದಾರ ಹಾಕಿ ಬಾಯಿಂದ ತೆಗೆಯೋದು, ಅದನ್ನ ಗುರುಗಳ ಎದುರಿಲ್ಲದೆ ದಯವಿಟ್ಟು ಯಾರೂ ಪ್ರಯತ್ನ ಮಾಡಬೇಡಿ. ಈಗ ಮನೆಗಳಲ್ಲಿ ಬಳಕೆಯಲ್ಲಿರೋದು ಉಪ್ಪುನೀರಿನ ಜಲನೇತಿ, ಇದಕ್ಕೆ ವೈದ್ಯಕೀಯದ ಬೆಂಬಲವೂ ಇದೆ. ದೀರ್ಘಕಾಲದ ಸೈನಸೈಟಿಸ್‌ಗೆ ಉಪ್ಪುನೀರಲ್ಲಿ ಮೂಗು ತೊಳೆಯೋದನ್ನ ಮೂಗು ಗಂಟಲು ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಹೇಳುತ್ವೆ. ನೀರು ಸೈನಸ್ ಒಳಗೆ ಹೋಗೋದು ಕಮ್ಮಿನೇ, ಆದ್ರೆ ಬಾಗಿಲ ಎದುರು ಒಣಗಿ ಅಂಟಿಕೊಂಡಿರೋ ಲೋಳೆ, ಧೂಳು, ಅಲರ್ಜಿ ತರೋ ಕಣ ಎಲ್ಲ ಕೊಚ್ಚಿಕೊಂಡು ಬರುತ್ತೆ, ಎಳೆಗಳಿಗೆ ಭಾರ ಕಮ್ಮಿ ಆಗುತ್ತೆ.

ಉಪ್ಪು ಯಾಕೆ? ನಮ್ಮ ರಕ್ತದಷ್ಟೇ ಸಾಂದ್ರತೆ ಇರೋದು ಶೇಕಡಾ 0.9ರ ಉಪ್ಪುನೀರು, ಅಂದ್ರೆ ಲೀಟರಿಗೆ 9 ಗ್ರಾಂ. ಬರೀ ನೀರು ಹಾಕಿದ್ರೆ ಮೂಗಿನ ಒಳಪದರದ ಜೀವಕೋಶಗಳು ಆ ನೀರನ್ನ ಹೀರಿಕೊಂಡು ಉಬ್ಬುತ್ವೆ. ನದಿಯಲ್ಲಿ ಈಜುವಾಗ ಮೂಗಿಗೆ ನೀರು ನುಗ್ಗಿದ್ರೆ ನೆತ್ತಿವರೆಗೂ ಚುರ್ ಅನ್ನುತ್ತಲ್ಲ, ಅದೇ. ಸರಿಯಾದ ಉಪ್ಪಿದ್ರೆ ಆಶ್ಚರ್ಯ ಆಗೋವಷ್ಟು ಹಿತವಾಗಿರುತ್ತೆ, ಉಗುರುಬೆಚ್ಚಗಿನ ನೀರಿನ ಧಾರೆ ಒಂದು ಹೊಳ್ಳೆಯಿಂದ ಹೋಗಿ ಮೂಗಿನ ಹಿಂದೆ ತಿರುಗಿ ಇನ್ನೊಂದರಿಂದ ಇಳಿಯೋದು ಸ್ಪಷ್ಟವಾಗಿ ಗೊತ್ತಾಗುತ್ತೆ, ಉರಿ ಇರಲ್ಲ. ಅರ್ಧ ಲೀಟರಿಗೆ 4.5 ಗ್ರಾಂ, ಅಂದ್ರೆ ಮುಕ್ಕಾಲು ಟೀ ಚಮಚ. ಅಯೋಡಿನ್ ಸೇರಿಸದ ಶುದ್ಧ ಉಪ್ಪಾದ್ರೆ ಒಳ್ಳೇದು, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದ್ರೆ ಇನ್ನೂ ಮೆತ್ತಗಿರುತ್ತೆ.

ನೀರಿನ ವಿಷಯ ಮಾತ್ರ ಉಪ್ಪಿಗಿಂತ ದೊಡ್ಡದು. ನಲ್ಲಿ ನೀರು ನೇರವಾಗಿ ಮೂಗಿಗೆ ಹಾಕಬೇಡಿ, ಅದು ಕುಡಿಯೋ ನೀರೇ ಆಗಿದ್ರೂ ಬೇಡ. ನೇಗ್ಲೇರಿಯಾ ಫೌಲೆರಿ ಅನ್ನೋ ಅಮೀಬಾ ಬೆಚ್ಚಗಿನ ಸಿಹಿನೀರಲ್ಲಿ ಬದುಕುತ್ತೆ, ಅದಿರೋ ನೀರು ಕುಡಿದ್ರೆ ಅದರಿಂದ ಈ ಸೋಂಕು ಬರಲ್ಲ, ಆದ್ರೆ ಮೂಗಿನ ಮೇಲ್ಭಾಗದಲ್ಲಿರೋ ವಾಸನೆಯ ನರದ ಗುಂಟ ಹತ್ತಿ ಮೆದುಳಿಗೆ ಹೋದ್ರೆ ಬದುಕಿ ಉಳಿಯೋರು ತೀರಾ ಕಮ್ಮಿ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿ ನೀರಲ್ಲಿ ನೇತಿ ಮಾಡಿದ ಇಬ್ಬರು ಹೀಗೇ ತೀರಿಕೊಂಡ್ರು. ಇದು ಅಪರೂಪ, ಆದ್ರೆ ತಪ್ಪಿಸೋದು ಅಷ್ಟೇ ಸುಲಭ: ನೀರನ್ನ ಕೊತಕೊತ ಅಂತ ಕನಿಷ್ಠ 1 ನಿಮಿಷ ಕುದಿಸಿ (ಎತ್ತರದ ಬೆಟ್ಟದ ಊರಾದ್ರೆ 3 ನಿಮಿಷ), ಮುಚ್ಚಿಟ್ಟು ಆರಿಸಿ, ಉಗುರುಬೆಚ್ಚಗಾದ ಮೇಲೆ ಉಪ್ಪು ಹಾಕಿ. ಅಂಗಡಿಯಲ್ಲಿ ಸಿಗೋ ಡಿಸ್ಟಿಲ್ಡ್ ವಾಟರ್ ಕೂಡ ಆಗುತ್ತೆ.

ಮಾಡೋ ರೀತಿ ಹೀಗೆ. ಸಿಂಕ್ ಮೇಲೆ ಬಗ್ಗಿ, ತಲೆಯನ್ನ ಒಂದು ಪಕ್ಕಕ್ಕೆ ವಾಲಿಸಿ, ಬಾಯಿ ತೆರೆದು ಬಾಯಲ್ಲೇ ಉಸಿರಾಡ್ತಾ ನೇತಿ ಲೋಟದ ಮೂತಿಯನ್ನ ಮೇಲಿನ ಹೊಳ್ಳೆಗೆ ಹಚ್ಚಿ. ಮಾತಾಡೋದು, ನುಂಗೋದು ಎರಡೂ ಬೇಡ, ಇಲ್ಲಾಂದ್ರೆ ನೀರು ಕಿವಿ ಕೊಳವೆ ಕಡೆ ಹೋಗಿ ಕಿವಿ ಗುಂಯ್ ಅನ್ನುತ್ತೆ. ಹಣೆ ಗಲ್ಲ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರಲಿ, ಹಣೆ ಮೇಲಾದ್ರೆ ನೀರು ಗಂಟಲಿಗೆ ಇಳಿಯುತ್ತೆ. ಮೂಗು ಒಂದು ಚೂರೂ ಗಾಳಿ ಬಿಡದಷ್ಟು ಕಟ್ಟಿದ್ರೆ ಒತ್ತಿ ನೀರು ನುಗ್ಗಿಸಬೇಡಿ, ಅವತ್ತು ಬಿಟ್ಟುಬಿಡಿ.

ಮುಗಿದ ಮೇಲೆ ನೀರು ಹೊರಹಾಕೋದರಲ್ಲೇ ಹೆಚ್ಚಿನವರು ಎಡವೋದು. ಒಂದು ಹೊಳ್ಳೆ ಒತ್ತಿ ಹಿಡಿದು ಜೋರಾಗಿ ಮೂಗು ಸೀಟಬೇಡಿ. ಜೋರಾಗಿ ಸೀಟಿದಾಗ ಮೂಗಿನೊಳಗೆ ಒತ್ತಡ ಏರಿ ಮೂಗಿನ ದ್ರವ ಹಿಮ್ಮುಖವಾಗಿ ಸೈನಸ್ ಒಳಗೆ ಹೋಗುತ್ತೆ, ಇದನ್ನ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಎರಡೂ ಹೊಳ್ಳೆ ತೆರೆದಿಟ್ಟು, ಸ್ವಲ್ಪ ಮುಂದೆ ಬಗ್ಗಿ, ತಲೆಯನ್ನ ಎಡಕ್ಕೆ ಬಲಕ್ಕೆ ತಿರುಗಿಸ್ತಾ ಮೆಲ್ಲಗೆ ಉಸಿರು ಬಿಡಿ, ಸಾಕು. ತೊಳೆದ ತಕ್ಷಣ ಮಲಗೋದು ಬೇಡ. ಡಾಕ್ಟರ್ ಮೂಗಿನ ಸ್ಪ್ರೇ ಕೊಟ್ಟಿದ್ರೆ ಮೊದಲು ನೇತಿ, ಆಮೇಲೆ ಸ್ಪ್ರೇ, ಉಲ್ಟಾ ಮಾಡಿದ್ರೆ ಔಷಧಿ ಸಿಂಕಿಗೆ ಹೋಗುತ್ತೆ. ಲೋಟ ಪ್ರತಿ ಸಲ ತೊಳೆದು ಪೂರ್ತಿ ಒಣಗಿಸಿಡಿ. ಈಚೆಗೆ ಮೂಗು ಅಥವಾ ಕಿವಿ ಆಪರೇಷನ್ ಆಗಿರೋರು, ಪದೇ ಪದೇ ಮೂಗಿಂದ ರಕ್ತ ಬರೋರು, ರೋಗನಿರೋಧಕ ಶಕ್ತಿ ಕಮ್ಮಿ ಇರೋರು ಕೇಳದೆ ಶುರು ಮಾಡಬೇಡಿ.

ಭ್ರಾಮರಿ: ದುಂಬಿ ಗುಂಯ್ ಅಂದ್ರೆ ಒಳಗೇನಾಗುತ್ತೆ

ಭ್ರಾಮರಿ ಅಂದ್ರೆ ದುಂಬಿ ಥರ ಗುನುಗ್ತಾ ಉಸಿರು ಬಿಡೋ ಪ್ರಾಣಾಯಾಮ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಕುತೂಹಲದ ಭಾಗ ಇದು. ನಮ್ಮ ಸೈನಸ್ಸುಗಳ ಒಳಪದರ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲವನ್ನ ಯಾವಾಗ್ಲೂ ತಯಾರಿಸ್ತಿರುತ್ತೆ. ಇದು ರೋಗಾಣುಗಳಿಗೆ ಆಗಿಬರಲ್ಲ, ಎಳೆಗಳ ಬಡಿತಕ್ಕೂ ಸಹಾಯ ಮಾಡುತ್ತೆ. 2002ರಲ್ಲಿ ಸ್ವೀಡನ್ನಿನ ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ ಅನ್ನೋ ವಿಜ್ಞಾನಿಗಳು ಜನರನ್ನ ಸುಮ್ನೆ ಮೂಗಿಂದ ಉಸಿರು ಬಿಡೋಕೆ ಹೇಳಿ ಅಳೆದ್ರು, ಆಮೇಲೆ ಮ್ ಅಂತ ಗುನುಗ್ತಾ ಉಸಿರು ಬಿಡೋಕೆ ಹೇಳಿ ಅಳೆದ್ರು. ಗುನುಗಿದಾಗ ಮೂಗಿಂದ ಹೊರಬಂದ ನೈಟ್ರಿಕ್ ಆಕ್ಸೈಡ್ 15 ಪಟ್ಟು ಜಾಸ್ತಿ.

ಕಾರಣ ಸರಳ. ಸೋಡಾ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದ್ರೆ ಒಳಗಿನ ಗಾಳಿ ಕೂಡ ಅದುರಿ ಸದ್ದು ಮಾಡುತ್ತಲ್ಲ, ಹಾಗೇ ಗುನುಗೋ ಕಂಪನ ಮೂಗಿನ ಗಾಳಿಯನ್ನ ಹಿಂದೆ ಮುಂದೆ ಅಲ್ಲಾಡಿಸುತ್ತೆ, ಆ ಅಲ್ಲಾಟದಲ್ಲಿ ಸಣ್ಣ ಬಾಗಿಲ ಮೂಲಕ ಒಳಗಿನ ಗಾಳಿ ಹೊರಗೆ ಬಂದು ಹೊರಗಿನದ್ದು ಒಳಗೆ ಹೋಗುತ್ತೆ. ಸುಮ್ನೆ ಉಸಿರಾಡಿದಾಗ ಈ ಅದಲುಬದಲು ತುಂಬಾ ನಿಧಾನ. ಪಾಲಿಪ್‌ನಿಂದ ಬಾಗಿಲು ಪೂರ್ತಿ ಮುಚ್ಚಿಹೋಗಿರೋರಲ್ಲಿ ಗುನುಗಿದ್ರೂ ಈ ಏರಿಕೆ ಕಾಣಿಸಲ್ಲ, ಅಲ್ಲಿಗೆ ಎಲ್ಲದಕ್ಕೂ ಬಾಗಿಲೇ ಮೂಲ ಅನ್ನೋದು ಮತ್ತೆ ಗಟ್ಟಿಯಾಗುತ್ತೆ. ಅನಿಲ ಹೆಚ್ಚು ಹೊರಬಂತು ಅಂದಮಾತ್ರಕ್ಕೆ ಸೈನಸೈಟಿಸ್ ವಾಸಿ ಆಯ್ತು ಅಂತ ಅಲ್ಲ, ಒಳಗೆ ಗಾಳಿ ಆಡಿತು ಅಂತ ಅಷ್ಟೇ. ಆದ್ರೂ ಖರ್ಚಿಲ್ಲದ, ನೋವಿದ್ದಾಗಲೂ ಮಾಡಬಹುದಾದ ಅಭ್ಯಾಸ ಇದೊಂದೇ ಅನ್ನಬಹುದು.

ಬೆನ್ನು ನೆಟ್ಟಗೆ ಇಟ್ಟು ಕೂತ್ಕೊಳ್ಳಿ, ಮೂಗಿಂದ ಉಸಿರು ತಗೊಂಡು, ತುಟಿ ಮುಚ್ಚಿ, ಹಲ್ಲುಗಳು ಒಂದಕ್ಕೊಂದು ತಾಗದ ಹಾಗೆ ಬಿಟ್ಟು ನಿಧಾನಕ್ಕೆ ಮ್ ಅಂತ ಉಸಿರು ಮುಗಿಯೋವರೆಗೂ ಗುನುಗಿ. ಒಂದು ಬೆರಳು ಕೆನ್ನೆ ಮೂಳೆ ಮೇಲಿಡಿ, ದನಿಯ ಎತ್ತರ ಸ್ವಲ್ಪ ಸ್ವಲ್ಪ ಬದಲಾಯಿಸ್ತಾ ಹೋದ್ರೆ ಒಂದು ಕಡೆ ಮೂಳೆ ಸಣ್ಣಗೆ ಅದುರೋದು ಬೆರಳಿಗೆ ಸಿಗುತ್ತೆ, ಆ ದನಿಯಲ್ಲೇ ಮುಂದುವರಿಸಿ. ಐದಾರು ಸಲ ಮಾಡಿ ಕೆಲವು ನಿಮಿಷ ಬಿಟ್ಟು ಮತ್ತೆ ಮಾಡಿ, ಯಾಕಂದ್ರೆ ಒಂದೇ ಸಮ ಗುನುಗಿದ್ರೆ ಕೋಣೆಯಲ್ಲಿದ್ದ ಅನಿಲ ಖಾಲಿಯಾಗ್ತಾ ಬರುತ್ತೆ, ಮತ್ತೆ ತುಂಬಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಬೆರಳುಗಳಿಂದ ಕಿವಿ, ಕಣ್ಣು ಮುಚ್ಚೋ ಷಣ್ಮುಖಿ ಮುದ್ರೆಯಲ್ಲಿ ಮಾಡೋದು ಮನಸ್ಸಿಗೆ ಹಿತ, ಆದ್ರೆ ಕಿವಿ ಕಟ್ಟಿದ್ದಾಗ ಕಿವಿ ಒತ್ತಬೇಡಿ.

ಕಪಾಲಭಾತಿ, ಶೀರ್ಷಾಸನ ಯಾವಾಗ ಬೇಡ

ಕಪಾಲಭಾತಿಯಲ್ಲಿ ಹೊಟ್ಟೆ ಒಳಕ್ಕೆ ಎಳೆದು ಉಸಿರನ್ನ ಚಿಮ್ಮಿಸ್ತೀವಿ. ದಾರಿ ತೆರೆದಿದ್ದಾಗ ಅದು ಚೆನ್ನಾಗಿರುತ್ತೆ. ದಾರಿ ಕಟ್ಟಿದ್ದಾಗ ಜೋರಾಗಿ ಮೂಗು ಸೀಟಿದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ನೋವು, ಜ್ವರ, ದಪ್ಪ ಸಿಂಬಳ ಇರೋ ದಿನಗಳಲ್ಲಿ ಕಪಾಲಭಾತಿ, ಭಸ್ತ್ರಿಕಾ (ಉಸಿರು ಎಳೆಯೋದು, ಬಿಡೋದು ಎರಡನ್ನೂ ಜೋರಾಗಿ ಮಾಡೋ ಪ್ರಾಣಾಯಾಮ) ಎರಡನ್ನೂ ಬಿಡಿ. ಎಲ್ಲ ತಿಳಿಯಾದ ಮೇಲೆ 20 ರಿಂದ 30 ಸಲ, ಮೆಲ್ಲಗೆ. ಬಿಪಿ ಜಾಸ್ತಿ ಇರೋರು, ಹೃದಯದ ತೊಂದರೆ, ಹರ್ನಿಯಾ, ಗ್ಲಾಕೋಮಾ, ಮೂರ್ಛೆರೋಗ ಇರೋರು, ಗರ್ಭಿಣಿಯರು ಯಾವಾಗ್ಲೂ ದೂರ ಇರಬೇಕು.

ಶೀರ್ಷಾಸನ, ಸರ್ವಾಂಗಾಸನದಲ್ಲಿ ಎಲ್ಲ ಇಳಿದು ಹೋಗುತ್ತೆ ಅನ್ನೋದು ಕೇಳೋಕೆ ಸರಿ ಅನ್ಸುತ್ತೆ, ಕೆನ್ನೆಯ ಬಾಗಿಲು ಮೇಲಿದೆ ಅಂತ ನಾನೇ ಹೇಳಿದೆನಲ್ಲ, ತಲೆಕೆಳಗಾದ್ರೆ ಸುರಿದು ಹೋಗಬೇಕಲ್ವಾ? ಬಾಗಿಲು ಊದಿ ಮುಚ್ಚಿರುವಾಗ ಏನೂ ಸುರಿಯಲ್ಲ, ಮುಖಕ್ಕೆ ಇನ್ನಷ್ಟು ರಕ್ತ ನುಗ್ಗಿ ಊತ, ನೋವು ಏರುತ್ತೆ ಅಷ್ಟೇ. ತೀವ್ರ ಹಂತದಲ್ಲಿ ತಲೆ ಕೆಳಗೆ ಬಗ್ಗಿಸೋ ಪಾದಹಸ್ತಾಸನ, ಅಧೋಮುಖ ಶ್ವಾನಾಸನ ಕೂಡ ಬೇಡ.

ನಡಿಗೆ, ಮಗ್ಗುಲು ಮತ್ತು ಯೋಗದಂಡ

ಜ್ವರ ಇಲ್ದಿದ್ರೆ ಹತ್ತು ನಿಮಿಷ ಚುರುಕಾಗಿ ನಡೆದು ನೋಡಿ, ಮೂಗು ಬಿಡುತ್ತೆ. ದೇಹ ಚುರುಕಾದಾಗ ನರಮಂಡಲ ಮೂಗಿನೊಳಗಿನ ರಕ್ತನಾಳಗಳನ್ನ ಕುಗ್ಗಿಸುತ್ತೆ, ಊತ ಇಳಿದು ದಾರಿ ಅಗಲ ಆಗುತ್ತೆ. ಚೇತರಿಸಿಕೊಳ್ಳುವಾಗ ನಾಲ್ಕೈದು ನಿಧಾನದ ಸೂರ್ಯನಮಸ್ಕಾರ ಮಾಡಿದ್ರೂ ಇದೇ ಪರಿಣಾಮ.

ಆರೋಗ್ಯವಂತರಲ್ಲೂ ಎರಡು ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಸರದಿಯಲ್ಲಿ ಸ್ವಲ್ಪ ಕಟ್ಟಿ ಬಿಡ್ತಾ ಇರುತ್ವೆ, 1895ರಲ್ಲೇ ಕೈಸರ್ ಅನ್ನೋ ಜರ್ಮನ್ ವೈದ್ಯ ಇದನ್ನ ಬರೆದಿಟ್ಟಿದ್ದಾನೆ. ಮಗ್ಗುಲಲ್ಲಿ ಮಲಗಿದ್ರೆ ಕೆಳಗಿನ ಹೊಳ್ಳೆ ಕಟ್ಟಿ ಮೇಲಿನದ್ದು ಬಿಡುತ್ತೆ. ಕಂಕುಳನ್ನ ಒತ್ತಿದ್ರೂ ಹೀಗೇ, ಎಡ ಕಂಕುಳು ಒತ್ತಿದ್ರೆ ಬಲ ಹೊಳ್ಳೆ ತೆರೆದುಕೊಳ್ಳುತ್ತೆ, ಯೋಗಿಗಳು ಕಂಕುಳಡಿ ಯೋಗದಂಡ ಅನ್ನೋ ಊರುಗೋಲು ಇಟ್ಟುಕೊಳ್ತಿದ್ದದ್ದರ ಹಿಂದಿನ ದೇಹಕ್ರಿಯೆ ಇದೇ. ರಾತ್ರಿ ಕಟ್ಟಿದ ಹೊಳ್ಳೆ ಮೇಲೆ ಬರೋ ಹಾಗೆ ಮಗ್ಗುಲು ಬದಲಾಯಿಸಿ, ತಲೆದಿಂಬು ಸ್ವಲ್ಪ ಎತ್ತರ ಇರಲಿ. ಒಂದೊಂದೇ ಹೊಳ್ಳೆಯಿಂದ ಸರದಿಯಲ್ಲಿ ಉಸಿರಾಡೋ ಅನುಲೋಮ ವಿಲೋಮವನ್ನ ಎರಡೂ ಹೊಳ್ಳೆಯಲ್ಲಿ ಗಾಳಿ ಆಡ್ತಿರೋ ದಿನ ಮಾಡಿ, ಕಟ್ಟಿದ ಹೊಳ್ಳೆಯಿಂದ ಉಸಿರು ಎಳೆಯೋಕೆ ಒದ್ದಾಡೋದ್ರಿಂದ ಲಾಭ ಇಲ್ಲ.

ಡಾಕ್ಟರ್ ಹತ್ರ ಹೋಗಬೇಕಾದ ಹೊತ್ತು

10 ದಿನ ಕಳೆದ್ರೂ ಕಮ್ಮಿ ಆಗದಿದ್ರೆ, ಕಮ್ಮಿ ಆಗ್ತಾ ಬಂದು ಮತ್ತೆ ಜೋರಾದ್ರೆ, ಇಲ್ಲಾ ಮೊದಲ ಮೂರ್ನಾಲ್ಕು ದಿನಾನೇ 102 ಡಿಗ್ರಿ ಜ್ವರ, ಕೀವಿನಂಥ ಸಿಂಬಳ, ಮುಖದ ನೋವು ಒಟ್ಟಿಗೆ ಇದ್ರೆ ಬ್ಯಾಕ್ಟೀರಿಯಾ ಇರಬಹುದು, ತೋರಿಸಿ. ಒಂದೇ ಕಡೆ ಹೊಳ್ಳೆಯಿಂದ ಪದೇ ಪದೇ ರಕ್ತ ಅಥವಾ ಕೆಟ್ಟ ವಾಸನೆ ಬಂದ್ರೂ ತೋರಿಸಿ. ಜ್ವರ ಇಲ್ಲ, ಸಿಂಬಳ ಇಲ್ಲ, ಹಣೆ ನೋವು ಮಾತ್ರ ತಿಂಗಳು ತಿಂಗಳು ಬರ್ತಿದೆ, ಬೆಳಕು ಸದ್ದು ಆಗಲ್ಲ, ವಾಕರಿಕೆ ಬರುತ್ತೆ ಅಂದ್ರೆ ಅದು ಮೈಗ್ರೇನ್ ಇರೋ ಸಾಧ್ಯತೆ ಹೆಚ್ಚು, ಸೈನಸ್ ತಲೆನೋವು ಅಂತ ವರ್ಷಗಟ್ಟಲೆ ಒದ್ದಾಡೋರಲ್ಲಿ ಬಹಳ ಜನರದ್ದು ಇದೇ.

ಕಣ್ಣಿನ ಸುತ್ತ ಊತ, ಒಂದೇ ವಸ್ತು ಎರಡಾಗಿ ಕಾಣೋದು, ಕತ್ತು ಬಗ್ಗಿಸೋಕಾಗದಷ್ಟು ಬಿಗಿ, ಹಿಂದೆಂದೂ ಬರದಂಥ ತಲೆನೋವು, ಮಂಪರು, ಶುಗರ್ ಇರೋರಿಗೆ ಮೂಗಲ್ಲಿ ಕಪ್ಪು ಹಕ್ಕಳೆ, ಇವುಗಳಲ್ಲಿ ಒಂದು ಕಂಡ್ರೂ ಬೆಳಗಾಗಲಿ ಅಂತ ಕಾಯಬೇಡಿ, ಆ ಹೊತ್ತಲ್ಲೇ ಆಸ್ಪತ್ರೆಗೆ ಹೊರಡಿ.